ಚರ್ಮದ ಸಾಕ್ಷ್ಯ

ಬೀದರದ ಬಿದರೀ ಕಸಬುದಾರರಲ್ಲಿ ಒಂದು ಪರೀಕ್ಷಾಕ್ರಮವು ಪರಂಪರೆಯಿಂದ ನಡೆದುಬಂದಿರುವುದು. ಸತು ಮತ್ತು ತಾಮ್ರಗಳ ಮಿಶ್ರಲೋಹದಲ್ಲಿ ಎರಕಹೊಯ್ದು, ಬೆಳ್ಳಿಯ ತಂತಿಯನ್ನು ಕೂರಿಸಿದ ಹೂಜಿಯನ್ನಾಗಲಿ ತಟ್ಟೆಯನ್ನಾಗಲಿ ಕೊನೆಗೆ ಕಪ್ಪಗೆ ಮಾಡಬೇಕಾದಾಗ ಅವರು ಕೋಟೆಯೊಳಗಿನ ಹಳೆಯ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ ಉಪಯೋಗಿಸುವರು. ಲೋಹವು ಕಾಡಿಗೆಯಂತೆ ಕಪ್ಪಾಗುವುದು; ಬೆಳ್ಳಿಯು ಬೆಳ್ಳಗೇ ಉಳಿಯುವುದು. ಎಲ್ಲ ಮಣ್ಣೂ ಈ ಕೆಲಸಕ್ಕೆ ಬರಲಾರದು. ಆದಕಾರಣ ನುರಿತ ಕಸಬುದಾರನು ಚಿಟಿಕೆ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿನೋಡಿ, ಇದು ಆಗುವುದು, ಇದು ಆಗದು ಎಂದು ತೀರ್ಮಾನಿಸುವನು. ಆ ತೀರ್ಪು ನಂಬಿಕೆಗೆ ಅರ್ಹವಾದುದು ನಾಲಗೆಯಲ್ಲಿ ಯಾವುದೋ ದಿವ್ಯಶಕ್ತಿ ಇರುವುದರಿಂದಲ್ಲ. ತಲೆತಲಾಂತರದಿಂದ ಮಣ್ಣಿನ ರುಚಿಯನ್ನೂ, ಅದರ ಬೆನ್ನಿಗೆ ಬರುವ ಕಪ್ಪು ಬಣ್ಣವನ್ನೂ ಜತೆಜತೆಯಾಗಿ ಕಂಡು ತಾಳೆನೋಡಿದುದರಿಂದ. ಒಂದು ವೇಳೆ ತೀರ್ಪು ತಪ್ಪಿತೆನ್ನೋಣ. ಒಂದು ಹೂಜಿಯ ಬಣ್ಣ ಕೆಡುವುದು, ಒಂದು ದಿನದ ದುಡಿಮೆ ವ್ಯರ್ಥವಾಗುವುದು, ಅಷ್ಟೆ.

ಆದರೆ ಪರೀಕ್ಷೆಗೆ ಒಳಗಾಗುವ ವಸ್ತುವು ಮಣ್ಣಲ್ಲದೆ ಮನುಷ್ಯನ ಮೈಯೇ ಆದಾಗ, ತೀರ್ಪಿನ ಫಲವನ್ನು ಅನುಭವಿಸತಕ್ಕವನು ಮಾತು ಬಾರದ ಕೂಸಾದಾಗ, ಪರೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆಯು ಬರಿಯ ವೈದ್ಯರ ಪ್ರಶ್ನೆಯಾಗಿ ಉಳಿಯದು. ಅದು ಧರ್ಮದ ಪ್ರಶ್ನೆಯಾಗುವುದು. ಇಂದು ಊರೂರಿಗೂ ಬಂದಿರುವ ಅಲರ್ಜಿ ಪರೀಕ್ಷೆಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸುವುದು ಉಚಿತವಾಗಿದೆ.

ಅಲರ್ಜಿ ಎಂಬ ಹೆಸರು ಹಳೆಯದಲ್ಲ. ವಿಯೆನ್ನಾ ನಗರದ ವೈದ್ಯನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬಾತನು ೧೯೦೬ರಲ್ಲಿ ಅದನ್ನು ಟಂಕಿಸಿದನು. ಹೆಸರು ಹೊಸತಾದರೂ ಸಂಗತಿಯು ಹಳೆಯದೇ. ಚರಕನು ಸಾತ್ಮ್ಯ ಅಸಾತ್ಮ್ಯಗಳನ್ನು ವಿವರಿಸುವಲ್ಲಿ, ಒಬ್ಬನಿಗೆ ಹಿತವಾದುದು ಮತ್ತೊಬ್ಬನಿಗೆ ಅಹಿತವಾಗುವುದೆಂಬ ಸತ್ಯವನ್ನು ಚೆನ್ನಾಗಿ ಬಲ್ಲನು. ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠಗಳೆಂದು ಹೇಳಿರುವ ವ್ಯಾಧಿಗಳ ಲಕ್ಷಣವು ನಮ್ಮ ಜನರು ಪಿತ್ತದ ಗಂಧೆ ಎನ್ನುವುದಕ್ಕೆ ಬಹುಮಟ್ಟಿಗೆ ಹೊಂದುವುದು. ಗಾಯವಾದವನಿಗೆ, ಮೈಕೆರೆತದವನಿಗೆ ಬದನೆಕಾಯಿ ನಂಜು ಎಂದು ಮುದುಕಿಯರು ಅದನ್ನು ಎಲೆಗೆ ಬಡಿಸಗೊಡುವುದಿಲ್ಲ. ಮೈಗೆ ಒಗ್ಗುವುದು, ಒಗ್ಗದಿರುವುದು ಎಂಬ ಮಾತು ಕನ್ನಡದಲ್ಲಿ ಮನೆಮಾತಾಗಿದೆ. ಹೊಸದಾಗಿ ಬಂದುದು ರೋಗವಲ್ಲ. ಒಗ್ಗದಿರುವುದನ್ನು ತಿನ್ನುವುದಕ್ಕೆ ಮೊದಲೇ ಕಂಡುಹಿಡಿದು ಹೇಳುವೆನೆಂಬ ಪರೀಕ್ಷೆಯ ಭರವಸೆಯು.

ಈ ಪರೀಕ್ಷೆಯ ಚರಿತ್ರೆಯು ಕುತೂಹಲಕರವಾದುದು. ಮ್ಯಾಂಚೆಸ್ಟರಿನ ವೈದ್ಯನಾದ ಚಾರ್ಲ್ಸ್ ಬ್ಲ್ಯಾಕ್ಲಿಯು ಹುಲ್ಲಿನ ಪರಾಗದಿಂದ ಬರುವ ನೆಗಡಿಯಿಂದ ತಾನೇ ನರಳುತ್ತಿದ್ದನು. ಅವನು ತನ್ನ ಚರ್ಮವನ್ನೇ ಸ್ವಲ್ಪ ಗೀರಿ, ಅದರ ಮೇಲೆ ಪರಾಗವನ್ನಿಟ್ಟು, ಅಲ್ಲಿ ದದ್ದು ಏಳುವುದನ್ನು ನೋಡಿ, ೧೮೭೩ರಲ್ಲಿ ತನ್ನ ಪ್ರಯೋಗಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ೧೯೨೧ರಲ್ಲಿ ಜರ್ಮನಿಯ ಪ್ರಾಸ್ನಿಟ್ಸ್ ಎಂಬ ವೈದ್ಯನು ಮೀನು ಒಗ್ಗದಿದ್ದ ತನ್ನ ಸಹೋದ್ಯೋಗಿ ಕುಸ್ಟ್ನರನ ರಕ್ತರಸವನ್ನು ತನ್ನ ಚರ್ಮದೊಳಗೆ ಚುಚ್ಚಿಸಿಕೊಂಡನು. ಮರುದಿನ ಅದೇ ಸ್ಥಳದಲ್ಲಿ ಮೀನಿನ ಸಾರವನ್ನು ಚುಚ್ಚಲು, ಮೀನು ತಿಂದು ಸುಖವಾಗಿದ್ದ ಅವನ ಮೈಯಲ್ಲಿಯೂ ದದ್ದು ಎದ್ದಿತು. ರಕ್ತದಲ್ಲಿ ಯಾವುದೋ ಒಂದು ದ್ರವ್ಯವು ಈ ಕೆಲಸವನ್ನು ಮಾಡುವುದೆಂದು ಅದರಿಂದ ಸಿದ್ಧವಾಯಿತು. ಆ ದ್ರವ್ಯವನ್ನು ೧೯೬೬-೬೭ರಲ್ಲಿ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿಗಳೂ, ಸ್ವೀಡನ್ ದೇಶದ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆಬೇರೆಯಾಗಿ ಕಂಡುಹಿಡಿದರು. ೧೯೬೮ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರಾಯಿತು.

ಈಗ ನಡೆಯುತ್ತಿರುವ ಕ್ರಮವು ಹೀಗಿದೆ. ಮುಂಗೈಯ ಒಳಭಾಗದ ಮೇಲೆ ಹಾಲು, ತತ್ತಿ, ಶೇಂಗಾ, ಧೂಳು, ಪರಾಗ ಮುಂತಾದವುಗಳ ಸಾರದ ಹನಿಗಳನ್ನಿಟ್ಟು, ಪ್ರತಿಯೊಂದರ ಮೂಲಕವೂ ಸಣ್ಣ ಮೊನೆಯಿಂದ ಚರ್ಮವನ್ನು ಚುಚ್ಚುವರು. ಜತೆಯಲ್ಲಿ ಬರಿಯ ಉಪ್ಪುನೀರಿನ ಹನಿಯೊಂದು, ಹಿಸ್ಟಮಿನ್ ಎಂಬ ದ್ರವ್ಯದ ಹನಿಯೊಂದು ಇರತಕ್ಕದ್ದು. ಮೊದಲನೆಯದು ಸುಮ್ಮನಿರಬೇಕು, ಎರಡನೆಯದು ದದ್ದೆಬ್ಬಿಸಬೇಕು. ಹದಿನೈದು ಇಪ್ಪತ್ತು ನಿಮಿಷಗಳ ಮೇಲೆ ಅಳತೆಮಾಡಿ, ಉಪ್ಪುನೀರಿನದಕ್ಕಿಂತ ೩ ಮಿಲಿಮೀಟರಾದರೂ ದೊಡ್ಡದಾದ ದದ್ದು ಎದ್ದಿದ್ದರೆ ಉಂಟು ಎನ್ನುವರು. ರಕ್ತವನ್ನು ತೆಗೆದು ಐಜಿಇಯನ್ನು ಅಳೆಯುವುದು ಇನ್ನೊಂದು ಕ್ರಮ. ಚರ್ಮದ ಮೇಲೆ ಗೀಚಿದರೆ ಸಾಕು, ಗೀಚಿದ ಅಕ್ಷರವೇ ಉಬ್ಬಿ ನಿಲ್ಲುವ ಮೈಯವರು ಕೆಲವರುಂಟು; ಅಂಥವರಲ್ಲಿ ಎಲ್ಲ ಹನಿಗಳೂ ಸುಳ್ಳು ಸಾಕ್ಷಿ ನುಡಿಯುವುವು. ಕೆರೆತ ನಿಲ್ಲಿಸುವ ಗುಳಿಗೆಯನ್ನು ನುಂಗಿ ಬಂದವರಲ್ಲಿ ನಿಜವಾದ ಸಾಕ್ಷಿಯೂ ಮೂಕವಾಗುವುದು. ಆದ್ದರಿಂದಲೇ ಆ ಗುಳಿಗೆಯನ್ನು ಕೆಲವು ದಿನ ಮೊದಲೇ ಬಿಡಿಸುವರು.

ಇಷ್ಟು ಎಚ್ಚರವಹಿಸಿ ಮಾಡಿದ ಪರೀಕ್ಷೆಯಲ್ಲಿ ದದ್ದು ಎದ್ದಿತು. ಈಗ ಸಿದ್ಧವಾದುದೇನು? ಆ ಪದಾರ್ಥದ ವಿರುದ್ಧವಾದ ಐಜಿಇಯು ಮೈಯಲ್ಲಿ ಉಂಟೆಂಬುದು ಮಾತ್ರ. ಅದನ್ನು ತಿಂದರೆ ರೋಗ ಬರುವುದೆಂಬುದು ಇನ್ನೂ ಸಿದ್ಧವಾಗಲಿಲ್ಲ. ಇಲ್ಲಿಯೇ ಜನರು ಎಡವುವರು. ವೈದ್ಯರೂ ಒಮ್ಮೊಮ್ಮೆ ಎಡವುವುದುಂಟು.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಈ ಎಡವಟ್ಟು ಪರಿಚಿತವಾದುದೇ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ಸರಿಯಾದ ಅನುಮಾನ. ಹೊಗೆಯಿರುವಲ್ಲೆಲ್ಲ ಬೆಂಕಿಯು ಇದ್ದೇ ಇರುವುದು. ಆದರೆ ಇದನ್ನೇ ತಿರುವುಮುರುವು ಮಾಡಿ, ಬೆಂಕಿಯಿರುವುದರಿಂದ ಹೊಗೆಯೂ ಇರಲೇಬೇಕು ಎಂದರೆ ಅದು ಹೇತ್ವಾಭಾಸ. ಕಮ್ಮಾರನ ಕುಲುಮೆಯಿಂದ ಹೊರತೆಗೆದ ಕೆಂಡದಂಥ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆಯ ಸಂಯೋಗವು ಬೇಕು. ಆ ಹಸಿ ಸೌದೆಯನ್ನೇ ತಾರ್ಕಿಕರು ಉಪಾಧಿ ಎಂದು ಕರೆಯುವರು.

ರಕ್ತದಲ್ಲಿರುವ ಐಜಿಇಯು ಬೆಂಕಿಯಂತೆ; ತಿಂದಮೇಲೆ ಏಳುವ ಗಂಧೆ, ವಾಂತಿ, ಉಬ್ಬಸಗಳು ಹೊಗೆಯಂತೆ. ತಿಂದ ಕೆಲವೇ ನಿಮಿಷಗಳಲ್ಲಿ ಇಂಥ ವಿಕಾರವು ಬಂದಿತೆಂದು ತಿಳಿದವನು ಐಜಿಇಯನ್ನು ಹುಡುಕಿದರೆ ಅವನು ಹೊಗೆಯಿಂದ ಬೆಂಕಿಯನ್ನು ಊಹಿಸುತ್ತಿರುವನು. ಆ ದಾರಿಯು ಬಹುಮಟ್ಟಿಗೆ ನೇರವಾದುದು. ಯಾವ ವಿಕಾರವೂ ಇಲ್ಲದವನ ಮೈಯಲ್ಲಿ ಐಜಿಇಯನ್ನು ಕಂಡು ರೋಗವನ್ನು ಸಾರುವವನು ಕಬ್ಬಿಣದ ಗುಂಡನ್ನು ನೋಡಿ ಹೊಗೆ ಹೊಗೆ ಎಂದು ಕೂಗುತ್ತಿರುವನು. ಐಜಿಇಯು ಆಹಾರದ ಯಾವ ಅಂಶವನ್ನು ಹಿಡಿಯುವುದು, ಆ ಅಂಶವು ಬೇಯಿಸಿದಾಗ ಉಳಿಯುವುದೋ, ಜಠರದಲ್ಲಿ ಜೀರ್ಣವಾಗಿಹೋಗುವುದೋ, ತಿಂದ ಪ್ರಮಾಣವೆಷ್ಟು, ತಿಂದವನ ದೇಹಸ್ಥಿತಿಯೇನು ಎಂಬಿವೆಲ್ಲವೂ ಇಲ್ಲಿ ಹಸಿ ಸೌದೆಯ ಸ್ಥಾನದಲ್ಲಿರುವ ಉಪಾಧಿಗಳು.

ಇದು ಬರಿಯ ತರ್ಕದ ಚಮತ್ಕಾರವಲ್ಲವೆಂಬುದಕ್ಕೆ ಕರ್ನಾಟಕದ್ದೇ ಆದ ಪ್ರಮಾಣವೊಂದು ದೊರೆಯುವುದು. ನಮ್ಮ ರಾಜ್ಯದ ದಕ್ಷಿಣಭಾಗದಲ್ಲಿ ೨೦ರಿಂದ ೫೪ ವರ್ಷದ ೧೧,೭೯೧ ಜನರನ್ನು ವಿಚಾರಿಸಿ, ಅವರಲ್ಲಿ ೫೮೮ ಜನರ ರಕ್ತವನ್ನು ೨೪ ಆಹಾರಪದಾರ್ಥಗಳ ವಿಷಯವಾಗಿ ಪರೀಕ್ಷಿಸಿದ ಸಂಶೋಧನೆಯೊಂದು ೨೦೧೬ರಲ್ಲಿ ಪ್ರಕಟವಾಯಿತು. ಯುರೋಪಿನ ವಿದ್ವಾಂಸರೊಡನೆ ಮೈಸೂರಿನ ವೈದ್ಯರು ಕೂಡಿ ನಡೆಸಿದ ಕಾರ್ಯವಿದು. ಆಹಾರದ ವಿರುದ್ಧವಾದ ಐಜಿಇಯು ಜನರಲ್ಲಿ ಶೇಕಡಾ ೨೬.೫ರಷ್ಟು ಮಂದಿಗೆ ಇದ್ದಿತು. ಆದರೆ ತಿಂದಾಗ ತೊಂದರೆಯೂ ಆಗಿ, ಅದೇ ಪದಾರ್ಥಕ್ಕೆ ಐಜಿಇಯೂ ಇದ್ದವರು ಶೇಕಡಾ ೧.೨ ಮಾತ್ರ. ಅಂದರೆ ಬೆಂಕಿಯಿದ್ದ ಮನೆಗಳು ಇಪ್ಪತ್ತಾರಾದರೆ ಹೊಗೆಯಾಡಿದ ಮನೆಯು ಒಂದು. ರಕ್ತದ ಕಾಗದವನ್ನೇ ನಂಬಿ ಊಟ ಬಿಡಿಸುತ್ತ ಹೋದರೆ ನಾಡಿನ ಕಾಲುಭಾಗದಷ್ಟು ಜನರ ಎಲೆಯಿಂದ ಏನಾದರೊಂದನ್ನು ಕಾರಣವಿಲ್ಲದೆ ಎತ್ತಿಹಾಕಬೇಕಾದೀತು.

ಬದನೆಕಾಯಿಯ ವಿಷಯವೂ ಇಲ್ಲಿ ಸ್ಮರಣೀಯವಾದುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮುದುಕಿಯರ ನಂಜನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡಿದರು. ಬದನೆಯ ಅಲರ್ಜಿಯು ಕೆಲವರಲ್ಲಿ ನಿಜವಾಗಿ ಉಂಟು. ಆದರೆ ಆ ಕಾಯಿಯಲ್ಲಿ ಸ್ವಭಾವತಃ ಹಿಸ್ಟಮಿನ್ ಇರುವುದು. ದದ್ದೆಬ್ಬಿಸಲೆಂದೇ ಹೋಲಿಕೆಗಾಗಿ ಇಡುವ ದ್ರವ್ಯವು ಅದೇ ಅಲ್ಲವೆ! ಹಿಸ್ಟಮಿನ್ನಿಗೆ ಬೇಗ ಕೆರಳುವ ಚರ್ಮದವರಲ್ಲಿ, ಅಲರ್ಜಿಯಿಲ್ಲದಿದ್ದರೂ ಬದನೆಯ ಹನಿಯು ದದ್ದೆಬ್ಬಿಸಿ ವೈದ್ಯನನ್ನು ವಂಚಿಸಬಹುದೆಂದು ಅವರು ೨೦೦೯ರಲ್ಲಿ ಎಚ್ಚರಿಸಿದರು. ಸಾಕ್ಷಿಯು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗಲ್ಲದೆ ಬೇರೊಂದು ಪ್ರಶ್ನೆಗೆ ಉತ್ತರವಿತ್ತಿತು.

ಲೆಕ್ಕವನ್ನು ಬಲ್ಲವರು ಇನ್ನೊಂದು ರೀತಿಯಿಂದಲೂ ಇದನ್ನು ತಿಳಿಯಬಹುದು. ಉದಾಹರಣೆಗಾಗಿ, ಒಂದು ಸಾವಿರ ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಮಾತ್ರ ಶೇಂಗಾ ನಿಜವಾಗಿ ಒಗ್ಗದೆಂದು ಇಟ್ಟುಕೊಳ್ಳಲಿ. ಪರೀಕ್ಷೆಯು ಹತ್ತರಲ್ಲಿ ಒಂಬತ್ತು ರೋಗಿಗಳನ್ನು ಹಿಡಿಯುವುದೆಂದೂ, ರೋಗವಿಲ್ಲದವರಲ್ಲಿ ಐದರಲ್ಲೊಬ್ಬನನ್ನು ತಪ್ಪಾಗಿ ಹಿಡಿಯುವುದೆಂದೂ ಇಟ್ಟುಕೊಳ್ಳಲಿ. ಸಾವಿರವನ್ನೂ ಪರೀಕ್ಷಿಸಿದರೆ ನಿಜವಾಗಿ ಸಿಕ್ಕುವವರು ೯. ತಪ್ಪಾಗಿ ಸಿಕ್ಕುವವರು ೯೯೦ರ ಐದರಲ್ಲೊಂದು, ಎಂದರೆ ೧೯೮. ಉಂಟು ಎಂಬ ಕಾಗದವನ್ನು ಪಡೆದ ೨೦೭ ಮಕ್ಕಳಲ್ಲಿ ೧೯೮ ಮಕ್ಕಳು ನಿರಪರಾಧಿಗಳು. ಇದೇ ಪರೀಕ್ಷೆಯನ್ನು ಶೇಂಗಾ ತಿಂದೊಡನೆ ತುಟಿ ಊದಿಕೊಂಡ ನೂರು ಮಕ್ಕಳಿಗೆ ಮಾತ್ರ ಮಾಡಲಿ. ಅವರಲ್ಲಿ ಅರ್ಧದಷ್ಟು ಮಂದಿ ನಿಜವಾದ ರೋಗಿಗಳಾಗಿರಲಿ. ಆಗ ನಿಜವಾಗಿ ಸಿಕ್ಕುವವರು ೪೫, ತಪ್ಪಾಗಿ ಸಿಕ್ಕುವವರು ೧೦. ಸೂಜಿಯು ಅದೇ, ಹನಿಯು ಅದೇ, ಅಳತೆಯೂ ಅದೇ. ಬದಲಾದುದು ಪರೀಕ್ಷೆಗೆ ಮೊದಲು ಕೇಳಿದ ಪ್ರಶ್ನೆಯೊಂದೇ.

ನ್ಯಾಯಸೂತ್ರಕಾರನು ಹದಿನಾರು ಪದಾರ್ಥಗಳನ್ನು ಎಣಿಸುವಾಗ ಪ್ರಮಾಣ, ಪ್ರಮೇಯಗಳಾದ ಕೂಡಲೆ ಸಂಶಯ ಮತ್ತು ಪ್ರಯೋಜನಗಳನ್ನು ಇಟ್ಟಿರುವನು. ಸಂಶಯವಿಲ್ಲದಲ್ಲಿ ವಿಚಾರವು ಹುಟ್ಟದು. ಪ್ರಯೋಜನವಿಲ್ಲದಲ್ಲಿ ವಿಚಾರವು ನಿಲ್ಲದು. ತಿಂದಾಗ ಏನೂ ಆಗಿಲ್ಲದವನಿಗೆ ನೂರು ಪದಾರ್ಥಗಳ ಪಟ್ಟಿಯನ್ನು ಹಿಡಿದು ರಕ್ತಪರೀಕ್ಷೆ ಮಾಡಿದರೆ ಅಲ್ಲಿ ಸಂಶಯವೂ ಇಲ್ಲ, ಪ್ರಯೋಜನವೂ ಇಲ್ಲ. ಅದಕ್ಕೆ ಪರೀಕ್ಷೆ ಎಂಬ ಹೆಸರೇ ಸಲ್ಲದು. ಐಜಿಇಯನ್ನು ಬಿಟ್ಟು ಐಜಿಜಿ ಎಂಬ ಬೇರೊಂದು ದ್ರವ್ಯವನ್ನು ಅಳೆದು, ಇಷ್ಟು ಆಹಾರಗಳು ನಿಮಗೆ ಒಗ್ಗವು ಎಂದು ಉದ್ದನೆಯ ಪಟ್ಟಿ ಕೊಡುವ ವ್ಯಾಪಾರವೂ ಉಂಟು. ಐಜಿಜಿಯು ಆ ಆಹಾರವನ್ನು ಮೈಯು ಕಂಡಿದೆ ಎಂಬುದರ ಗುರುತೇ ಹೊರತು ರೋಗದ ಗುರುತಲ್ಲ. ಆಹಾರದ ಅಲರ್ಜಿಯನ್ನು ತಿಳಿಯಲು ಅದನ್ನು ಬಳಸಬಾರದೆಂದು ಯುರೋಪಿನ ಅಲರ್ಜಿತಜ್ಞರ ಮಂಡಲಿಯು ೨೦೦೮ರಲ್ಲಿಯೇ ತಿಳಿಸಿತು. ಚರಕನು ನಾಲ್ಕು ವಿಧವಾದ ಪರೀಕ್ಷೆಗಳಲ್ಲಿ ಆಪ್ತೋಪದೇಶವನ್ನು ಮೊದಲು ಹೇಳಿ, ರಜಸ್ತಮೋಗುಣಗಳಿಂದ ಬಿಡುಗಡೆಹೊಂದಿದವನೇ ಆಪ್ತನೆಂದಿರುವನು. ಹಾಳೆಯ ಉದ್ದಕ್ಕೆ ತಕ್ಕಂತೆ ಹಣ ಪಡೆಯುವವನ ಹಾಳೆಯು ಆಪ್ತವಾಕ್ಯವಾಗುವುದು ಹೇಗೆ?

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಇರಲಿ, ತಪ್ಪು ಹೇಳಿದರೇನಾಯಿತು? ನೂರು ಮಕ್ಕಳು ಶೇಂಗಾ ಬಿಟ್ಟರೆ ಆಕಾಶವೇನೂ ಕಳಚಿ ಬೀಳದು; ಒಂದು ಮಗು ಶೇಂಗಾ ತಿಂದು ಸತ್ತರೆ ಆ ತಾಯಿಗೆ ಉತ್ತರ ಹೇಳತಕ್ಕವರಾರು? ಆದುದರಿಂದ ಸಂದೇಹವಿದ್ದಲ್ಲಿ ಬಿಡಿಸುವುದೇ ಶ್ರೇಯಸ್ಕರ. ಈ ಆಕ್ಷೇಪದಲ್ಲಿ ಕರುಣೆಯುಂಟು. ಆದಕಾರಣ ಇದನ್ನು ಹಗುರವಾಗಿ ತಳ್ಳಿಹಾಕಲಾಗದು.

ಭಾಲ್ಕಿಯ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಒಂದೂವರೆ ವರ್ಷದ ಕೂಸಿಗೆ ಮೊಣಕೈ ಮೊಣಕಾಲುಗಳ ಸಂದಿಯಲ್ಲಿ ಕಜ್ಜಿ. ಯಾರೋ ಹೇಳಿದರೆಂದು ತಾಯಿಯು ರಕ್ತಪರೀಕ್ಷೆ ಮಾಡಿಸಿದಳು. ಹಾಲು, ತತ್ತಿ, ಗೋಧಿ, ಕಡಲೆ, ತೊಗರಿ, ಶೇಂಗಾ ಮುಂತಾಗಿ ಹದಿನಾಲ್ಕು ಹೆಸರುಗಳ ಮುಂದೆ ಕೆಂಪು ಗುರುತು ಬಿದ್ದಿತು. ಅವಳು ಕಾಗದವನ್ನು ಹಿಡಿದು ವೈದ್ಯರ ಮುಂದೆ ನಿಂತು, “ಸಾಹೇಬ್ರೇ, ಇದ್ರಾಗ ಹದಿನಾಲ್ಕು ಪದಾರ್ಥ ಬರ್ದಾರ. ಹಂಗಾದ್ರ ಕೂಸಿಗಿ ಏನ್ ಉಣಸ್ಲಿರಿ?” ಎನ್ನುವಳು. ತೊಗರಿಯನ್ನೇ ಬೆಳೆದು ತೊಗರಿಯನ್ನೇ ಉಣ್ಣುವ ನಾಡಿನಲ್ಲಿ ಕೂಸಿನ ಬಟ್ಟಲಿನಿಂದ ಬೇಳೆಯನ್ನೂ ಹಾಲನ್ನೂ ತತ್ತಿಯನ್ನೂ ತೆಗೆದರೆ ಉಳಿಯುವುದು ಗಂಜಿಯೊಂದೇ. ಆ ಕೂಸು ನಿನ್ನೆಯವರೆಗೆ ತೊವ್ವೆ ಅನ್ನವನ್ನು ಸುಖವಾಗಿ ಉಂಡಿತ್ತು. ಅದರ ಮೈಯೇ ಪ್ರತಿದಿನವೂ ಪ್ರತ್ಯಕ್ಷವಾಗಿ ನುಡಿದ ಸಾಕ್ಷ್ಯವನ್ನು ಕಾಗದದ ಕೆಂಪು ಗುರುತು ಅಳಿಸಿಹಾಕಿತು. ಬೆಳೆಯುವ ಕೂಸಿಗೆ ಪುಷ್ಟಿಯನ್ನು ತಪ್ಪಿಸುವುದು ಹಾನಿಯಲ್ಲವೆಂದು ಯಾರು ತಾನೇ ಹೇಳಿಯಾರು? ಈ ಹಾನಿಯು ಒಂದೇ ದಿನದಲ್ಲಿ ಗೋಚರಿಸುವುದಿಲ್ಲವೆಂಬುದೇ ಅದನ್ನು ಮರೆಮಾಡಿರುವುದು.

ಇಷ್ಟೇ ಅಲ್ಲ, ಬಿಡಿಸುವುದರಿಂದಲೇ ರೋಗವು ಹುಟ್ಟಬಹುದೆಂದೂ ಈಗ ತಿಳಿದಿದೆ. ಅಲರ್ಜಿಯ ಸಂಭವವುಳ್ಳ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಮಂಡಲಿಯು ೨೦೦೦ದಲ್ಲಿ ಉಪದೇಶಿಸಿತು. ಸದುದ್ದೇಶದ ಈ ಉಪದೇಶವನ್ನು ಅದು ೨೦೦೮ರಲ್ಲಿ ಹಿಂದಕ್ಕೆ ಪಡೆಯಿತು. ಅನಂತರ ಲಂಡನ್ನಿನಲ್ಲಿ ತೀವ್ರವಾದ ಕಜ್ಜಿಯಾಗಲಿ ತತ್ತಿಯ ಅಲರ್ಜಿಯಾಗಲಿ ಇದ್ದ ೬೪೦ ಹಸುಗೂಸುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಶೇಂಗಾ ತಿನ್ನಿಸಿದರು, ಇನ್ನೊಂದು ಪಾಲಿಗೆ ಬಿಡಿಸಿದರು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚರ್ಮಪರೀಕ್ಷೆಯಲ್ಲಿ ದದ್ದು ಏಳದಿದ್ದ ಮಕ್ಕಳ ಪೈಕಿ ಶೇಂಗಾ ಬಿಟ್ಟವರಲ್ಲಿ ಶೇಕಡಾ ೧೩.೭, ತಿಂದವರಲ್ಲಿ ಶೇಕಡಾ ೧.೯ ಮಂದಿಗೆ ಐದನೆಯ ವಯಸ್ಸಿಗೆ ಅಲರ್ಜಿಯಿತ್ತು. ಸಣ್ಣ ದದ್ದು ಎದ್ದಿದ್ದ ಮಕ್ಕಳಲ್ಲಿಯೂ ಬಿಟ್ಟವರಿಗೆ ೩೫.೩, ತಿಂದವರಿಗೆ ೧೦.೬. ದೊಡ್ಡ ದದ್ದು ಎದ್ದ ಮಕ್ಕಳನ್ನು ಮೊದಲೇ ಬೇರ್ಪಡಿಸಿದ್ದರು ಎಂಬುದನ್ನೂ ಮರೆಯಬಾರದು. ಹೀಗಿರಲು, ಬಿಡಿಸುವುದು ಯಾವಾಗಲೂ ನಿರಪಾಯವೆಂಬ ಪೂರ್ವಪಕ್ಷಿಯ ಮಾತು ನಿಲ್ಲಲಾರದು. ಭಯದಿಂದ ಮಾಡಿದ ನಿಷೇಧವು ತಾನು ಹೆದರಿದುದನ್ನೇ ಹಲವರಲ್ಲಿ ಉಂಟುಮಾಡಿತು.

ಔಷಧಗಳ ವಿಷಯದಲ್ಲಿಯೂ ಇದೇ ಕಥೆ. ಅಮೆರಿಕದಲ್ಲಿ ನೂರಕ್ಕೆ ಸುಮಾರು ಹತ್ತು ಜನರು ತಮಗೆ ಪೆನಿಸಿಲಿನ್ ಒಗ್ಗದೆಂದು ಹೇಳುವರು. ಸರಿಯಾಗಿ ಪರೀಕ್ಷಿಸಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನರು ಅದನ್ನು ತಡೆದುಕೊಳ್ಳುವರು. ಬಾಲ್ಯದಲ್ಲಿ ಎದ್ದ ಒಂದು ಗಂಧೆಯ ನೆನಪು ಆಯುಷ್ಯವೆಲ್ಲ ಹಣೆಪಟ್ಟಿಯಾಗಿ ನಿಂತು, ಅಗ್ಗವಾದ ಒಳ್ಳೆಯ ಔಷಧವನ್ನು ತಪ್ಪಿಸುವುದು. ಇಲ್ಲಿ ಪರೀಕ್ಷೆಯು ಉಪಕಾರಿ. ಅದು ಹಳೆಯ ಸುಳ್ಳನ್ನು ಅಳಿಸಬಲ್ಲುದು.

ಆದರೆ ಪರೀಕ್ಷೆಯೇ ಅಪಕಾರಿಯಾಗುವ ಸಂದರ್ಭವೂ ಉಂಟು. ಔರಾದ ತಾಲೂಕಿನ ತೊಗರಿಹೊಲದಲ್ಲಿ ಸಂಜೆಯ ಹೊತ್ತು ಒಬ್ಬ ರೈತನಿಗೆ ಕೊಳಕುಮಂಡಲವು ಕಚ್ಚಿತೆನ್ನಿ. ಹಾವಿನ ವಿಷಕ್ಕೆ ಪ್ರತಿಯಾದ ಔಷಧವು ಕುದುರೆಯ ರಕ್ತರಸದಿಂದ ಸಿದ್ಧವಾಗುವುದು. ಪರಕೀಯವಾದ ಆ ದ್ರವ್ಯವು ಕೆಲವರ ಮೈಯನ್ನು ಕೆರಳಿಸುವುದು ನಿಜ. ಆ ಕಾರಣದಿಂದ ಹಿಂದೆ ಒಂದು ತೊಟ್ಟನ್ನು ಚರ್ಮದೊಳಗೆ ಚುಚ್ಚಿ, ಕಾದು ನೋಡಿ, ಆಮೇಲೆ ಔಷಧ ಕೊಡುವ ಪದ್ಧತಿಯು ನಡೆದಿತ್ತು. ಈ ಕೆರಳುವಿಕೆಯು ಬಹುತರವಾಗಿ ಐಜಿಇಯ ದಾರಿಯಿಂದ ಬರುವುದಲ್ಲ. ಆದಕಾರಣ ದದ್ದು ಎದ್ದವನಿಗೆ ಏನೂ ಆಗದೆಯೂ, ಏಳದವನಿಗೆ ಅಪಾಯವಾಗಿಯೂ ಕಂಡುಬಂದಿತು. ಆ ಪರೀಕ್ಷೆಯನ್ನು ಮಾಡಕೂಡದೆಂದು ೨೦೦೭ರ ಭಾರತದ ಹಾವುಕಡಿತ ಚಿಕಿತ್ಸಾಕ್ರಮವೂ, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನವೂ ಸ್ಪಷ್ಟವಾಗಿ ಹೇಳಿವೆ. ವಿಷವು ರಕ್ತವನ್ನು ಕೆಡಿಸುತ್ತಿರುವಾಗ ಸುಳ್ಳು ಸಾಕ್ಷಿಯ ಬಾಯಿ ನೋಡುತ್ತ ಕುಳಿತ ಪ್ರತಿಯೊಂದು ನಿಮಿಷವೂ ರೈತನ ಆಯುಷ್ಯದಿಂದ ಕಳೆದುದು. ಔಷಧವನ್ನು ಕೊಟ್ಟು, ಕೆರಳಿದರೆ ತಕ್ಷಣ ಅಡ್ರಿನಲಿನ್ ಕೊಡಲು ಸಿದ್ಧವಾಗಿರುವುದೇ ಅಲ್ಲಿ ಧರ್ಮ.

ಮಳೆಗಾಲ ಮುಗಿಯುತ್ತಲೆ ಬೀದರದ ಸುತ್ತಲಿನ ಬೀಳುಗಳಲ್ಲಿ ತಲೆಯೆತ್ತುವ ಕಾಂಗ್ರೆಸ್ ಹುಲ್ಲಿನ ದೃಷ್ಟಾಂತವೂ ಬೋಧಪ್ರದವಾಗಿದೆ. ೧೯೫೦ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದು ದಖ್ಖನವನ್ನೆಲ್ಲ ವ್ಯಾಪಿಸಿದ ಈ ಕಳೆಯು ಹೊಲದಲ್ಲಿ ದುಡಿಯುವವರ ಮುಖ, ಕುತ್ತಿಗೆ, ಕೈಗಳಲ್ಲಿ ಹುಣ್ಣಾಗುವಂಥ ಕೆರೆತವನ್ನು ತರುವುದು. ಈ ವ್ಯಾಧಿಯು ಐಜಿಇಯಿಂದಲ್ಲ, ರಕ್ತದ ಬೇರೆ ಜೀವಕಣಗಳಿಂದ ಬರುವುದು. ಮೊನೆಯಿಂದ ಚುಚ್ಚುವ ಪರೀಕ್ಷೆಯು ಇದರ ಮುಂದೆ ಕುರುಡು. ಆ ದ್ರವ್ಯವನ್ನು ಪಟ್ಟಿಯಾಗಿ ಬೆನ್ನಿಗೆ ೪೮ ಗಂಟೆಗಳ ಕಾಲ ಅಂಟಿಸಿ, ಬಿಚ್ಚಿದಾಗ ಒಮ್ಮೆಯೂ ಮುಂದಿನ ದಿನಗಳಲ್ಲಿ ಮತ್ತೊಮ್ಮೆಯೂ ನೋಡತಕ್ಕದ್ದು. ಚುಚ್ಚುವ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದುದರಿಂದ ರೋಗವಿಲ್ಲವೆಂದರೆ, ಕಿವಿಗೆ ಬಣ್ಣ ಕಾಣಲಿಲ್ಲವೆಂದು ಬಣ್ಣವನ್ನೇ ಅಲ್ಲಗಳೆದಂತಾಗುವುದು.

ಹಾಗಾದರೆ ಪರೀಕ್ಷೆಗಳನ್ನೇ ತೊರೆಯಬೇಕೇ? ಇದು ಎರಡನೆಯ ಪೂರ್ವಪಕ್ಷ, ಮೊದಲನೆಯದಕ್ಕಿಂತಲೂ ಅಪಾಯಕರವಾದುದು. ಮರೀಚಿಕೆಯಲ್ಲಿ ನೀರಿಲ್ಲವೆಂದು ಕೆರೆಯಲ್ಲಿಯೂ ನೀರಿಲ್ಲವೆನ್ನಲಾಗದು. ಅಲರ್ಜಿಯಿಂದ ಉಸಿರು ಕಟ್ಟಿ, ರಕ್ತದ ಒತ್ತಡ ಕುಸಿದು, ಗಳಿಗೆಯೊಳಗೆ ಪ್ರಾಣ ಹೋಗುವ ಅನಾಫಿಲ್ಯಾಕ್ಸಿಸ್ ಎಂಬ ಸ್ಥಿತಿಯು ನಿಜ. ಫ್ರಾನ್ಸಿನ ರಿಶೆ ಮತ್ತು ಪೋರ್ತಿಯೆ ೧೯೦೨ರಲ್ಲಿ ಇದನ್ನು ವಿವರಿಸಿದರು. ರಿಶೆಗೆ ೧೯೧೩ರಲ್ಲಿ ನೊಬೆಲ್ ಬಹುಮಾನವು ಬಂದಿತು. ಜೇನುಹುಳು ಕಡಿದು ಒಮ್ಮೆ ಮೂರ್ಛೆಹೋದವನಿಗೆ, ಶೇಂಗಾ ತಿಂದೊಡನೆ ಉಬ್ಬಸ ಬಂದ ಮಗುವಿಗೆ ಪರೀಕ್ಷೆಯು ಪ್ರಾಣರಕ್ಷಕವಾದ ದಾರಿಯನ್ನು ತೋರಬಹುದು. ಅಂಥವರಿಗೆ ಇದೆಲ್ಲ ಭ್ರಮೆ, ಸ್ವಲ್ಪ ತಿಂದು ನೋಡು ಎಂದು ಮನೆಯಲ್ಲಿ ಹುರಿದುಂಬಿಸುವುದು ಕೊಲೆಗೆ ಸಮಾನವಾದ ಅವಿವೇಕ.

ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೋ ಪರತಃ ಸಿದ್ಧವೋ ಎಂದು ಮೀಮಾಂಸಕರಿಗೂ ನೈಯಾಯಿಕರಿಗೂ ನಡೆದ ವಾದವು ಪ್ರಸಿದ್ಧವಾದುದು. ಬಾಧಕವು ಕಾಣುವವರೆಗೆ ಜ್ಞಾನವನ್ನು ನಂಬು ಎಂದು ಮೀಮಾಂಸಕನು. ಪ್ರವೃತ್ತಿಯು ಫಲಿಸಿದಮೇಲೆ ನಂಬು ಎಂದು ನೈಯಾಯಿಕನು. ದೂರದಿಂದ ಕಂಡುದು ನೀರೋ ಬಿಸಿಲ್ಗುದುರೆಯೋ ಎಂಬುದು ಹೋಗಿ ಬೊಗಸೆಯಲ್ಲಿ ಕುಡಿದಾಗಲೇ ನಿಶ್ಚಯ. ಅಲರ್ಜಿಯ ವಿಷಯದಲ್ಲಿ ಈ ಬೊಗಸೆ ನೀರಿನ ಪರೀಕ್ಷೆಯೂ ಉಂಟು. ಸಂದೇಹವಿರುವ ಆಹಾರವನ್ನು ವೈದ್ಯರ ಎದುರಿನಲ್ಲಿ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಹೊತ್ತುಹೊತ್ತಿಗೆ ಹೆಚ್ಚಿಸುತ್ತ ತಿನ್ನಿಸಿ ನೋಡುವರು. ಇದಕ್ಕಿಂತ ಮಿಗಿಲಾದ ನಿಶ್ಚಯವು ಬೇರೆ ಯಾವ ಪರೀಕ್ಷೆಯಿಂದಲೂ ದೊರೆಯದು. ಆದರೆ ಇದು ಬೆಂಕಿಯನ್ನು ಮುಟ್ಟಿ ನೋಡುವ ಪರೀಕ್ಷೆ. ಅತ್ಯಂತ ನಿಶ್ಚಿತವಾದುದೇ ಅತ್ಯಂತ ಅಪಾಯಕರವೂ ಆಗಿರುವುದು ಇಲ್ಲಿಯ ವಿಶೇಷ. ರಕ್ತಪರೀಕ್ಷೆಯಲ್ಲಿ ಅಲರ್ಜಿ ಕೆರಳುವ ಭಯವಿಲ್ಲ, ನಿಶ್ಚಯವೂ 적ವಿಲ್ಲ